ಇನ್‌ವರ್ಟ್: ಪೋಲ್ ವಾಲ್ಟ್‌ನಲ್ಲಿ ತಲೆಕೆಳಗಾಗುವುದು ಎಂದರೇನು?

ಪೋಲ್ ವಾಲ್ಟ್ ಅಭ್ಯಾಸ ನಡೆಯುವ ಕಡೆ ಸ್ವಲ್ಪ ಹೊತ್ತು ನಿಂತರೆ ಸಾಕು, ‘ಇನ್‌ವರ್ಟ್ ಆಗು’, ‘ಇನ್‌ವರ್ಟ್ ಲೇಟಾಯ್ತು’ ಎಂಬ ಮಾತು ಹತ್ತು ಸಲ ಕಿವಿಗೆ ಬೀಳುತ್ತದೆ. ನೆಲ ಬಿಟ್ಟ ಜಿಗಿತಗಾರ ಪೋಲಿಗೆ ನೇತುಬಿದ್ದು, ಕಾಲನ್ನು ಮುಂದಕ್ಕೂ ಮೇಲಕ್ಕೂ ಬೀಸಿ, ಸೊಂಟವನ್ನು ಹೆಗಲಿಗಿಂತ ಮೇಲೆ, ಪಾದವನ್ನು ಸೊಂಟಕ್ಕಿಂತ ಮೇಲೆ ತಂದುಕೊಳ್ಳುವ ಘಟ್ಟಕ್ಕೆ ಇನ್‌ವರ್ಟ್ ಎಂದು ಹೆಸರು. ಆ ಹೊತ್ತಿಗೆ ಬೆನ್ನು ಬಾರ್‌ನ (ಹಾರಿ ದಾಟಬೇಕಾದ ಅಡ್ಡಕೋಲಿನ) ಕಡೆಗಿರುತ್ತದೆ, ಮುಖ ಓಡಿಬಂದ ದಾರಿಯ ಕಡೆಗೆ. ಬಾರ್ ದಾಟುವಾಗ ಹೊಟ್ಟೆ ಬಾರ್‌ನತ್ತ ತಿರುಗುವುದು ಇದರ ನಂತರದ ಕೆಲಸ.

ಇದರಲ್ಲಿ ಎರಡು ಭಂಗಿಗಳನ್ನು ಗುರುತಿಸುತ್ತಾರೆ. ಬೆನ್ನು ನೆಲಕ್ಕೆ ಸಮಾನಾಂತರವಾಗಿ, ಕಾಲು ಆಕಾಶ ನೋಡುತ್ತಿದ್ದರೆ ಅದು ‘ಎಲ್’. ಅಲ್ಲಿಂದ ಸೊಂಟವೂ ಮೇಲೇರಿ ಇಡೀ ಮೈ ಪೋಲಿನ ಪಕ್ಕ ಒಂದೇ ಗೆರೆಯಾದರೆ ‘ಐ’. ಬಾಗಿದ ಪೋಲು ಮತ್ತೆ ನೆಟ್ಟಗಾಗುವಾಗ ಮೇಲಕ್ಕೆ ಎಸೆಯುವುದು ‘ಐ’ ಆದವರನ್ನು. ‘ಎಲ್’ನಲ್ಲೇ ಉಳಿದವರನ್ನು ಅದು ಮುಂದಕ್ಕೆ ತಳ್ಳುತ್ತದೆ, ಅವರು ಬಾರ್‌ನ ಮೇಲೆಯೇ ಹೋಗಿ ಬೀಳುತ್ತಾರೆ.

ಹೊಸಬರು ಎಡವುವುದು ‘ತಲೆಕೆಳಗಾಗುವುದು’ ಎಂಬ ಅರ್ಥವನ್ನೇ ಹಿಡಿದು ಹೊರಟಾಗ. ನೆಲ ಬಿಟ್ಟ ತಕ್ಷಣ ಮಂಡಿ ಮಡಚಿ ಎದೆಗೆಳೆದುಕೊಂಡು ಹಿಂದಕ್ಕೆ ಉರುಳುತ್ತಾರೆ. ತಲೆಕೆಳಗೇನೋ ಆಗುತ್ತಾರೆ, ಆದರೆ ಪೋಲು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಕಾರಣ ಸರಳ. ಇಲ್ಲಿ ಎರಡು ತೂಗಾಟ ಒಟ್ಟಿಗೆ ನಡೆಯುತ್ತಿವೆ: ಬಾಕ್ಸ್‌ನಲ್ಲಿ, ಅಂದರೆ ಓಟದ ದಾರಿಯ ಕೊನೆಯಲ್ಲಿರುವ ತಗ್ಗಿನಲ್ಲಿ, ತುದಿ ಊರಿದ ಪೋಲು ನೆಟ್ಟಗಾಗಲು ಏಳುತ್ತಿದೆ, ಅದರ ಮೇಲ್ತುದಿ ಹಿಡಿದ ಮೈ ತೂಗುತ್ತಿದೆ. ಮೈಭಾರ ಎಷ್ಟು ಹೊತ್ತು ಬಾಕ್ಸ್‌ಗೆ ಹತ್ತಿರ, ಅಂದರೆ ಕೆಳಗೆ ಇರುತ್ತದೋ ಅಷ್ಟು ಸಲೀಸಾಗಿ ಪೋಲು ಏಳುತ್ತದೆ. ಬೇಗನೆ ಮುದುಡಿ ಭಾರವನ್ನು ಮೇಲೆ ತಂದರೆ ಪೋಲಿನ ವೇಗ ಸಾಯುತ್ತದೆ.

ಉಯ್ಯಾಲೆ ಆಡಿದವರಿಗೆ ‘ಜೀಕು’ ಎಂಬ ಮಾತು ಗೊತ್ತು. ಉಯ್ಯಾಲೆ ತಳಕ್ಕೆ ಬಂದಾಗ ಕೊಡುವ ಒತ್ತಿಗೆ ಮಾತ್ರ ಬೆಲೆ, ಅದಕ್ಕೆ ಮೊದಲೇ ಕೊಟ್ಟರೆ ಹಗ್ಗ ಸುಮ್ಮನೆ ನಡುಗುತ್ತದೆ. ಇನ್‌ವರ್ಟ್ ಎಂದರೆ ಜೀಕಿಕೊಂಡು ತಲೆಕೆಳಗಾಗುವುದು. ಬಲಗೈ ಮೇಲಿಟ್ಟು ಹಾರುವವರಿಗೆ ನೆಲ ಬಿಡುವುದು ಎಡಗಾಲು. ಆ ಎಡಗಾಲು ಹಿಂದೆ ಉದ್ದವಾಗಿ ಉಳಿದು, ಗಂಟೆಯ ನಾಲಿಗೆಯಂತೆ ಕೆಳಗಿನಿಂದ ಬೀಸಿ ಬರಬೇಕು. ಅದು ತಳ ದಾಟಿ ಮುಂದೆ ಬಂದ ಮೇಲೆ ಮೈಯನ್ನು ಸ್ವಲ್ಪ ಕುಗ್ಗಿಸಿದರೆ ಬೀಸಿನ ವೇಗ ಹೆಚ್ಚುತ್ತದೆ, ಸೊಂಟ ತಾನಾಗಿ ಮೇಲೇಳುತ್ತದೆ. ಜೊತೆಗೆ ಎರಡೂ ಕೈಗಳು ಮೊಣಕೈ ಮಡಚದೆ ಪೋಲನ್ನು ತೊಡೆಯತ್ತ ಒತ್ತಬೇಕು. ಈ ಒತ್ತು ಹುಟ್ಟುವುದು ಕಂಕುಳ ಹಿಂದಿನ ಅಗಲವಾದ ಬೆನ್ನಿನ ಸ್ನಾಯುವಿನಲ್ಲಿ. ಬರೀ ಹೊಟ್ಟೆಯ ವ್ಯಾಯಾಮ ನೂರಾರು ಮಾಡಿಸುವ ತರಬೇತಿ ನಮ್ಮ ಕಣ್ಣಿಗೆ ಅರ್ಧ ಕೆಲಸ ಮಾತ್ರ.

ಹಾಗಾಗಿ ಕಸರತ್ತು ಶುರುವಾಗಬೇಕಾದ್ದು ನೇತಾಟದಿಂದ. ಪಾದ ನೆಲ ಮುಟ್ಟದಷ್ಟು ಎತ್ತರದ, ಕಸರತ್ತಿಗೆಂದೇ ಇರುವ ಗಟ್ಟಿ ಬಾರ್‌ಗೆ ನೇತುಬಿದ್ದು, ಮಂಡಿ ಮಡಚದೆ ಕಾಲ್ಬೆರಳನ್ನು ಬಾರ್‌ಗೆ ಮುಟ್ಟಿಸಿ, ಮೂರು ಎಣಿಸುತ್ತಾ ಇಳಿಸುವುದು. 8ರಂತೆ 3 ಸುತ್ತು. ತೂಗಾಡಿ ಮೋಸ ಮಾಡಿದರೆ ಲೆಕ್ಕಕ್ಕಿಲ್ಲ. ಇದರ ಜೊತೆಗೆ ನೆಲದ ಮೇಲೊಂದು: ಅಂಗಾತ ಮಲಗಿ, ತಲೆಯ ಹಿಂದೆ ಕಂಬಕ್ಕೆ ಕಟ್ಟಿದ ರಬ್ಬರ್ ಬ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು, ನೇರ ತೋಳಿನಿಂದ ತೊಡೆಯವರೆಗೆ ಎಳೆಯುತ್ತಲೇ ಕಾಲನ್ನು ಮೇಲೆತ್ತುವುದು, 10ರಂತೆ 3 ಸುತ್ತು. ಕೈ ಮತ್ತು ಕಾಲು ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಯಬೇಕು. ಕಾಲು ಮೊದಲು, ಕೈ ಆಮೇಲೆ ಎಂದಾದರೆ ಪೋಲಿನ ಮೇಲೂ ಅದೇ ಅಭ್ಯಾಸ ಬರುತ್ತದೆ.

ಇನ್ನು ‘ಬುಬ್ಕಾ’. 1994ರಲ್ಲಿ 6.14 ಮೀಟರ್ ಹಾರಿದ ಉಕ್ರೇನಿನ ಸೆರ್ಗೆಯ್ ಬುಬ್ಕಾ ಹೆಸರಿನಲ್ಲೇ ಕರೆಯುವ ಕಸರತ್ತು ಇದು. ಒಂದೇ ಒಂದು ಕಸರತ್ತು ಆರಿಸಿಕೊಳ್ಳಿ ಎಂದರೆ ನಾವು ಇದನ್ನೇ ಆರಿಸುತ್ತೇವೆ. ಬಾರ್‌ಗೆ ನೇತುಬಿದ್ದು ಒಂದು ಸಣ್ಣ ಜೀಕು ಕೊಡಿ. ತೋಳು ನೇರವಾಗಿಟ್ಟು ಬಾರನ್ನು ಕೆಳಕ್ಕೊತ್ತುತ್ತಾ ಕಾಲು ಎತ್ತಿ. ಮೊದಲು ಕಣಕಾಲು ಬಾರ್‌ಗೆ ಬರುತ್ತದೆ, ಮುಂದೆ ಮಂಡಿ, ತೊಡೆ, ಕೊನೆಗೆ ಸೊಂಟ. ಸೊಂಟ ಬಾರ್ ತಲುಪಿದಾಗ ಕಾಲ್ಬೆರಳು ಸೂರಿನತ್ತ ಇರಬೇಕು, ಮೈ ನೆಟ್ಟಗೆ ತಲೆಕೆಳಗೆ ನಿಂತಿರಬೇಕು. ಅಲ್ಲಿ ಒಂದು ಕ್ಷಣ ನಿಂತು, ಅದೇ ದಾರಿಯಲ್ಲಿ ನಿಧಾನವಾಗಿ ಇಳಿಯಿರಿ. ಬಲಿತವರಿಗೆ 5ರಂತೆ 3 ಸುತ್ತು. ಹೊಸಬರಿಗೆ 3ರಂತೆ 3 ಸಾಕು, ಕೆಳಸೊಂಟಕ್ಕೆ ಅಂಗೈ ಕೊಟ್ಟು ಒಬ್ಬರು ಪಕ್ಕದಲ್ಲಿ ನಿಂತಿರಬೇಕು.

ಬುಬ್ಕಾ ಕೆಡುವ ಬಗೆ ಹೆಚ್ಚುಕಡಿಮೆ ಒಂದೇ. ಕಾಲು ಮೇಲಕ್ಕೆ ಹೋಗುವ ಬದಲು ತಲೆಯ ಹಿಂದಕ್ಕೆ ಇಳಿಯುತ್ತದೆ, ಮೈ ಮಡಚುಗತ್ತಿಯಂತೆ ಎರಡಾಗುತ್ತದೆ. ಸೊಂಟ ಏರುವ ಮೊದಲೇ ಕಾಲು ಮುಗಿಸಿಬಿಟ್ಟರೆ ಹೀಗಾಗುತ್ತದೆ. ಇನ್ನೊಂದು ತಪ್ಪು ತಲೆಯನ್ನು ಹಿಂದಕ್ಕೆ ಎಸೆಯುವುದು. ತಲೆ ಹಿಂದೆ ಬಿದ್ದರೆ ಎದೆ ಬಿಚ್ಚಿಕೊಂಡು ಬೆನ್ನು ಬಿಲ್ಲಾಗುತ್ತದೆ, ಸೊಂಟ ಕುಸಿಯುತ್ತದೆ. ಪೋಲಿನ ಮೇಲೆ ಇದನ್ನೇ ಮಾಡಿದವರ ಕಾಲು ಬಾವುಟದಂತೆ ಅಡ್ಡಕ್ಕೆ ಚಾಚಿಕೊಂಡು ಬಾರನ್ನು ಒದೆಯುತ್ತದೆ. ಕಣ್ಣು ಕಾಲ್ಬೆರಳನ್ನೇ ನೋಡುತ್ತಿದ್ದರೆ ತಲೆ ತನ್ನ ಜಾಗದಲ್ಲಿರುತ್ತದೆ.

ಮುಂದಿನ ಮೆಟ್ಟಿಲು ಹಗ್ಗ. ದಪ್ಪ ಹಗ್ಗ, ಕೆಳಗೆ 30 ಸೆಂ.ಮೀ. ದಪ್ಪದ ಹಾಸು. ಬಲಗೈ ಎಟಕುವಷ್ಟು ಮೇಲೆ, ಎಡಗೈ ಅದಕ್ಕಿಂತ ಸುಮಾರು 45 ಸೆಂ.ಮೀ. ಕೆಳಗೆ. ಮೂರು ಹೆಜ್ಜೆ ನಡೆದು ಬಂದು ನೆಲ ಬಿಟ್ಟು, ಎಡಗಾಲು ಉದ್ದವಾಗಿ ಬೀಸಿ, ಹಗ್ಗದ ಪಕ್ಕದಲ್ಲೇ ತಲೆಕೆಳಗಾಗುವುದು. ಒಂದು ದಿನಕ್ಕೆ 6ರಿಂದ 8 ಸಲ. ಬಾರ್ ಅಲುಗುವುದಿಲ್ಲ, ಹಗ್ಗ ಅಲುಗುತ್ತದೆ. ಬೇಗ ಮುದುಡಿದರೆ ಹಗ್ಗ ಮುಂದೆ ಸಾಗದೆ ಅಲ್ಲೇ ನಿಂತು ಗಿರಕಿ ಹೊಡೆಯುವುದು ನಿಮಗೇ ಗೊತ್ತಾಗುತ್ತದೆ, ಯಾರೂ ಹೇಳಬೇಕಿಲ್ಲ. ಕರ್ನಾಟಕದಲ್ಲಿ ಹಗ್ಗದ ಮಲ್ಲಕಂಬ ಆಡಿ ಬೆಳೆದ ಮಕ್ಕಳಿಗೆ ತಲೆಕೆಳಗಾಗಿ ತೂಗುವ ಭಯ ಇರುವುದಿಲ್ಲ, ಅದು ದೊಡ್ಡ ಲಾಭ. ಅವರು ಬಿಡಬೇಕಾದ ಚಾಳಿ ಒಂದೇ: ಕಾಲ್ಬೆರಳ ಸಂದಿಯಲ್ಲಿ ಹಗ್ಗ ಸಿಕ್ಕಿಸಿಕೊಳ್ಳುವುದು. ಜಿಮ್ನಾಸ್ಟಿಕ್ಸ್‌ನಿಂದ ಬಂದವರಿಗೂ ಇದೇ ಅನುಕೂಲ, 2009ರಲ್ಲಿ 5.06 ಮೀಟರ್ ಹಾರಿದ ರಷ್ಯಾದ ಯೆಲೆನಾ ಇಸಿನ್‌ಬಯೇವಾ ಮೊದಲು ಜಿಮ್ನಾಸ್ಟ್ ಆಗಿದ್ದವರು.

‘ಎಲ್’ನಿಂದ ‘ಐ’ಗೆ ಹೋಗುವ ಕೊನೆಯ ಚಾಚು ಕಲಿಯಲು ಹಿಂದಕ್ಕೆ ಉರುಳಿ ಕೈಮೇಲೆ ನಿಲ್ಲುವುದು ಒಳ್ಳೆಯದು, 4ರಂತೆ 3 ಸುತ್ತು. ಸೊಂಟ ಹೆಗಲ ಮೇಲೆ ಬರುವ ಮುಂಚೆ ಕೈ ಒತ್ತಿದರೆ ಹಾಸಿನ ಮೇಲೆ ದೊಪ್ಪನೆ ಬೀಳುತ್ತೀರಿ. ಪೋಲಿನ ಮೇಲೆ ಅವಸರದಿಂದ ಮೊಣಕೈ ಮಡಚಿ ಎಳೆದುಕೊಳ್ಳುವವರಿಗೂ ಆಗುವುದು ಅದೇ.

ಮಂಡಿ ಮಡಚದೆ 10 ಸಲ ಕಾಲ್ಬೆರಳು ಮುಟ್ಟಿಸಲು, ಆಸರೆಯಿಲ್ಲದೆ 3 ಬುಬ್ಕಾ ಮಾಡಲು ಬಂದ ಮೇಲೆ ರನ್‌ವೇಗೆ, ಅಂದರೆ ಪೋಲು ಹಿಡಿದು ಓಡುವ ದಾರಿಗೆ, ಹೋಗಬಹುದು. ಅಲ್ಲಿಯೂ ಬಾಗದ ಗಟ್ಟಿ ಪೋಲು, ಆರು ಹೆಜ್ಜೆಯ ಓಟ. ನಿಂತು ಕೈ ಚಾಚಿದರೆ ಎಟಕುವ ಜಾಗಕ್ಕಿಂತ 30 ಸೆಂ.ಮೀ. ಮೇಲೆ ಹಿಡಿತ ಇಟ್ಟು ಆರಂಭಿಸಿ. ಬಾಕ್ಸ್‌ನ ತಳ ನೆಲಕ್ಕಿಂತ 20 ಸೆಂ.ಮೀ. ಕೆಳಗಿರುವುದರಿಂದ ಹಾರುವಾಗ ಹಿಡಿತ ಇನ್ನೂ ತಗ್ಗಿದಂತೆ ಅನಿಸುತ್ತದೆ, ಗಾಬರಿ ಬೇಡ. ಮೊದಲ ನಾಲ್ಕೈದು ಹಾರಾಟದಲ್ಲಿ ಕಾಲು ಬೀಸಿ ಹಾಸಿನ ಮೇಲೆ ಕೂತಂತೆ ಇಳಿಯುವುದು. ಅದು ಹದಕ್ಕೆ ಬಂದ ಮೇಲೆ ‘ಎಲ್’ ಮಾಡಿ ಇಡೀ ಬೆನ್ನಿನ ಮೇಲೆ ಇಳಿಯುವುದು. ಒಟ್ಟು 10–12 ಹಾರಾಟ, ಅದಕ್ಕಿಂತ ಹೆಚ್ಚಾದರೆ ಹಿಡಿತ ಸೋಲುತ್ತದೆ. ಬಾರ್‌ನ ಜಾಗದಲ್ಲಿ ಎಲಾಸ್ಟಿಕ್ ದಾರ ಕಟ್ಟಿ.

ಇಲ್ಲಿ ಪಟ್ಟು ಬಿಡಬಾರದ ನಿಯಮ ಒಂದಿದೆ. ಹಾಸಿನ ನಡುಭಾಗಕ್ಕೆ ಬಂದು ಬೀಳದಿದ್ದರೆ ಹಿಡಿತವನ್ನು ಒಂದು ಗೇಣು ಕೆಳಗಿಳಿಸಿ, ಮೇಲೇರಿಸಬೇಡಿ. ‘ತಲೆಕೆಳಗಾಗಲು ಸಮಯ ಸಾಲದು, ಸ್ವಲ್ಪ ಎತ್ತರ ಹಿಡಿಯುತ್ತೇನೆ’ ಎಂಬ ತರ್ಕವೇ ಅಪಾಯಕಾರಿ. ಪೋಲು ನೆಟ್ಟಗಾಗುವ ಮೊದಲೇ ನಿಂತರೆ ತಲೆಕೆಳಗಾದವನು ಹಿಂದಕ್ಕೆ, ಬಾಕ್ಸ್‌ನ ಮೇಲೆ ಬೀಳುತ್ತಾನೆ. ಬಾಗುವ ಪೋಲಿಗೆ ಬಂದಾಗಲೂ ಅದರ ಮೇಲೆ ಬರೆದ ತೂಕ ನಿಮ್ಮ ತೂಕಕ್ಕಿಂತ ಕಡಿಮೆ ಇರಬಾರದು.

ಈ ಶಕ್ತಿಯ ಕಸರತ್ತು ವಾರಕ್ಕೆ ಎರಡು ದಿನ ಸಾಕು. ಹಾರುವ ದಿನ ಹಾರಾಟ ಮುಗಿದ ಮೇಲೆ ಮಾಡಿ. ಹಾರುವ ಹಿಂದಿನ ದಿನ ಹಗ್ಗಕ್ಕೆ ಕೈ ಹಚ್ಚಬೇಡಿ, ಮುಂಗೈ ದಣಿದಿರುತ್ತದೆ.

ತಪ್ಪು ಹಿಡಿಯಲು ಫೋನ್ ಸಾಕು. ಬಾಕ್ಸ್‌ಗೆ ನೇರ ಪಕ್ಕದಲ್ಲಿ, ಹತ್ತು ಮೀಟರ್ ದೂರದಲ್ಲಿ ಇಟ್ಟು ವಿಡಿಯೋ ಮಾಡಿ. ನೆಲ ಬಿಟ್ಟ ಕಾಲು ಸೊಂಟದ ಕೆಳಗೆ ಹಾದುಹೋಗುವ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಆ ಕಾಲಿನ ಮಂಡಿ ಅಷ್ಟರಲ್ಲೇ ಮಡಚಿದ್ದರೆ ಮುಂದಿನದನ್ನು ನೋಡುವ ಅಗತ್ಯವಿಲ್ಲ, ಹಗ್ಗಕ್ಕೆ ಹಿಂತಿರುಗಿ.