ಅಂಡರ್‌ಗ್ರೌಂಡ್ ರೈಲ್‌ರೋಡ್: ಗುಲಾಮಗಿರಿಯಿಂದ ಪಾರಾದವರು, ಪಾರುಮಾಡಿದವರು

ತಪ್ಪಿಸಿಕೊಂಡ ಗುಲಾಮರನ್ನು ಹಿಡಿದೊಪ್ಪಿಸಲು ಅಮೆರಿಕದ ಸಂಸತ್ತು 1850ರಲ್ಲಿ ತಂದ ಕಾಯ್ದೆಯಲ್ಲಿ ನಾಚಿಕೆಗೇಡಿನ ಲೆಕ್ಕವೊಂದಿತ್ತು. ಸಿಕ್ಕಿಬಿದ್ದ ವ್ಯಕ್ತಿಯನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣಾಧಿಕಾರಿಗೆ 10 ಡಾಲರ್ ಶುಲ್ಕ, ಬಿಡುಗಡೆ ಮಾಡಿದರೆ 5 ಡಾಲರ್. ಸಿಕ್ಕಿಬಿದ್ದವರು ತಮ್ಮ ಪರವಾಗಿ ಸಾಕ್ಷಿ ನುಡಿಯುವಂತಿರಲಿಲ್ಲ. ಆಶ್ರಯ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ. ಗುಲಾಮರು ತಪ್ಪಿಸಿಕೊಳ್ಳಲು ನೆರವಾಗುತ್ತಿದ್ದ, ‘ಅಂಡರ್‌ಗ್ರೌಂಡ್ ರೈಲ್‌ರೋಡ್’ (ನೆಲದಡಿಯ ರೈಲುದಾರಿ) ಎಂದು ಹೆಸರಾದ ಗುಪ್ತ ಜಾಲ ದಕ್ಷಿಣದ ತೋಟದೊಡೆಯರನ್ನು ಎಷ್ಟು ಕಂಗೆಡಿಸಿತ್ತು ಎಂಬುದಕ್ಕೆ ಈ ಕಾಯ್ದೆಯೇ ಸಾಕ್ಷಿ.

ಅದಕ್ಕೂ ಮುಂಚೆ ಇದೇ ಉದ್ದೇಶದ 1793ರ ಕಾಯ್ದೆಯೊಂದು ಜಾರಿಯಲ್ಲಿತ್ತು. ಆದರೆ ಉತ್ತರದ ರಾಜ್ಯಗಳು ಒಂದೊಂದಾಗಿ ಗುಲಾಮಗಿರಿಯನ್ನು ಕೈಬಿಡುತ್ತ ಬಂದಿದ್ದವು, 1834ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕಾನೂನಿನಿಂದ ಕೆನಡಾದಲ್ಲೂ ಅದು ಕೊನೆಗೊಂಡಿತು. ಹೀಗೆ ತಲುಪಬೇಕಾದ ನೆಲ ಇದ್ದೇ ಇತ್ತು. ಅಲ್ಲಿಗೆ ದಾರಿ ಬೇಕಿತ್ತು. ಆ ದಾರಿಗೆ ಒಬ್ಬ ಮುಖ್ಯಸ್ಥನಾಗಲಿ ಒಂದು ಕೇಂದ್ರ ಕಚೇರಿಯಾಗಲಿ ಇರಲಿಲ್ಲ. ನಿಜವಾದ ರೈಲು ಇಲ್ಲದಿದ್ದರೂ ಹೆಸರಿಗೆ ತಕ್ಕಂತೆ ಆಶ್ರಯದ ಮನೆ ‘ಸ್ಟೇಷನ್’ ಎನಿಸಿತು, ದಾರಿ ತೋರುವವರು ‘ಕಂಡಕ್ಟರ್’ ಆದರು. ಓಹಿಯೊ ನದಿಯ ದಂಡೆಯ ರಿಪ್ಲಿ ಊರಿನಲ್ಲಿ ಓಡಿಬಂದವರಿಗೆ ಆಶ್ರಯ ಕೊಡುತ್ತಿದ್ದ ಪಾದ್ರಿ ಜಾನ್ ರ‍್ಯಾಂಕಿನ್ ಅವರ ಮನೆ ಗುಡ್ಡದ ಮೇಲಿತ್ತು. ಅದೇ ಊರಿನ ಜಾನ್ ಪಾರ್ಕರ್ ದುಡಿದು ಹಣ ತೆತ್ತು ಗುಲಾಮಗಿರಿಯಿಂದ ತಮ್ಮನ್ನು ತಾವೇ ಬಿಡಿಸಿಕೊಂಡಿದ್ದವರು. ಹಗಲು ಎರಕದ ಕಾರ್ಖಾನೆ ನಡೆಸುತ್ತಿದ್ದ ಅವರು, ರಾತ್ರಿ ದೋಣಿಯಲ್ಲಿ, ಗುಲಾಮಗಿರಿ ಇದ್ದ ಎದುರು ದಡದ ಕೆಂಟಕಿ ರಾಜ್ಯಕ್ಕೆ ಹೋಗಿ ಜನರನ್ನು ಕರೆತರುತ್ತಿದ್ದರು.

ಆದರೂ ಓಡಿಬಂದವರಲ್ಲಿ ಹೆಚ್ಚಿನವರು ಪಯಣದ ಮೊದಲ, ಅತ್ಯಂತ ಅಪಾಯದ ಭಾಗವನ್ನು ಯಾರ ನೆರವೂ ಇಲ್ಲದೆ ದಾಟಿದವರೆಂಬುದನ್ನು ಮರೆಯಬಾರದು. 1849ರಲ್ಲಿ ಮೇರಿಲ್ಯಾಂಡಿನಿಂದ ಪಾರಾದ ಹ್ಯಾರಿಯೆಟ್ ಟಬ್‌ಮನ್ ಅದೇ ನೆಲಕ್ಕೆ ಸುಮಾರು 13 ಬಾರಿ ಮರಳಿ, ಸುಮಾರು 70 ಜನರನ್ನು ಹೊರತಂದರು. ಅವರಲ್ಲಿ ಆಕೆಯ ಹೆತ್ತವರೂ ಸೋದರರೂ ಇದ್ದರು.

ಫಿಲಡೆಲ್ಫಿಯಾದ ವಿಲಿಯಂ ಸ್ಟಿಲ್ ಅವರ ಕೆಲಸ ಇನ್ನೊಂದು ಬಗೆಯದು. ಗುಲಾಮಗಿರಿ ವಿರೋಧಿ ಸಂಘದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರ ಬಳಿಗೆ 1850ರಲ್ಲಿ ಪೀಟರ್ ಎಂಬ ನಡುವಯಸ್ಕರೊಬ್ಬರು ಬಂದರು. ಅಲಬಾಮಾದಲ್ಲಿ ಗುಲಾಮರಾಗಿದ್ದು ಆಗಷ್ಟೇ ಬಿಡುಗಡೆ ಪಡೆದಿದ್ದ ಪೀಟರ್, ಬಾಲ್ಯದಲ್ಲೇ ಅಗಲಿದ ತಂದೆತಾಯಿಯನ್ನು ಹುಡುಕುತ್ತಿದ್ದರು. ಅವರು ಹೇಳಿದ ಹೆಸರುಗಳನ್ನು ಕೇಳಿದಂತೆ ಸ್ಟಿಲ್ ಅವರಿಗೆ ಎದುರಿಗಿರುವವರು ತಮ್ಮ ಸ್ವಂತ ಅಣ್ಣನೆಂದು ತಿಳಿಯಿತು. ತಾಯಿ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಓಡಿಬರುವಾಗ ಬಿಟ್ಟುಬರಬೇಕಾಗಿದ್ದ ಇಬ್ಬರು ಗಂಡುಮಕ್ಕಳಲ್ಲಿ ಪೀಟರ್ ಒಬ್ಬರು. ಇನ್ನೊಬ್ಬ ಮಗ ಗುಲಾಮಗಿರಿಯಲ್ಲೇ ತೀರಿಕೊಂಡಿದ್ದ. ಬಂದವರ ಹಳೆಯ ಹೆಸರು, ಹೊಸ ಹೆಸರು, ವಯಸ್ಸು, ಒಡೆಯನ ವಿವರ, ಹಿಂದೆ ಉಳಿದ ಬಂಧುಗಳು ಎಲ್ಲವನ್ನೂ ಸ್ಟಿಲ್ ಬರೆದಿಡುತ್ತ ಹೋದರು. ಚೆದುರಿದ ಕುಟುಂಬಗಳು ಮುಂದೆಂದಾದರೂ ಒಂದಾಗಲಿ ಎಂಬುದು ಅವರ ಆಸೆ. ಪೊಲೀಸರ ಕೈಗೆ ಸಿಕ್ಕಿದ್ದರೆ ಆ ದಾಖಲೆಯೇ ನೂರಾರು ಜನರ ಕೊರಳಿಗೆ ಉರುಳಾಗುತ್ತಿತ್ತು. ಹಾಗಾಗಿ ಅದನ್ನು ಬಚ್ಚಿಟ್ಟಿದ್ದ ಅವರು, ಗುಲಾಮಗಿರಿ ರದ್ದಾದ ಮೇಲೆ, 1872ರಲ್ಲಿ, ಪುಸ್ತಕವಾಗಿ ಪ್ರಕಟಿಸಿದರು.

1850ರ ಕಾಯ್ದೆಯ ನಂತರ ಉತ್ತರದ ಪಟ್ಟಣಗಳಲ್ಲೂ ನೆಮ್ಮದಿ ಉಳಿಯದೆ ಅನೇಕರು ಕೆನಡಾದ ಸೇಂಟ್ ಕ್ಯಾಥರೀನ್ಸ್‌ನಂಥ ಊರುಗಳಿಗೆ ಹೋದರು. ಟೆಕ್ಸಾಸ್ ಕಡೆಯವರಿಗೆ, ಗುಲಾಮಗಿರಿ ಇಲ್ಲದ ಮೆಕ್ಸಿಕೊ ಹತ್ತಿರವಿತ್ತು. 1860ರ ಜನಗಣತಿಯ ಹೊತ್ತಿಗೆ ಸುಮಾರು 39.5 ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. ಪಾರಾದವರ ಸಂಖ್ಯೆ ಅದರ ಮುಂದೆ ಚಿಕ್ಕದು. ಆದರೆ ಪಾರಾಗಿ ಬಂದವರು ಸಭೆಗಳಲ್ಲಿ ನಿಂತು ತಮ್ಮ ಕಥೆ ಹೇಳಿದಾಗ, ಗುಲಾಮರು ಸುಖವಾಗಿದ್ದಾರೆಂಬ ತೋಟದೊಡೆಯರ ಮಾತನ್ನು ನಂಬುವುದು ಉತ್ತರದವರಿಗೆ ಕಷ್ಟವಾಯಿತು.

ಈ ಇತಿಹಾಸ ಬರೆದವರು ಬಹುಕಾಲ ಬಿಳಿಯರ ಔದಾರ್ಯವನ್ನೇ ಮುಂದಿಟ್ಟರು. 1898ರಲ್ಲಿ ಇತಿಹಾಸಕಾರ ವಿಲ್ಬರ್ ಸೀಬರ್ಟ್ ಸಿದ್ಧಪಡಿಸಿದ, ನೆರವಾದವರ 3,000ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯಲ್ಲಿ ಬಹುಪಾಲು ಬಿಳಿಯರದೇ. ಓಡಿಬಂದವರ ಸ್ವಂತ ಸಾಹಸವನ್ನೂ ಕಪ್ಪು ಜನರ ನೆರವನ್ನೂ ಮುನ್ನೆಲೆಗೆ ತಂದು ಇತಿಹಾಸಕಾರ ಲ್ಯಾರಿ ಗ್ಯಾರಾ ಈ ಚಿತ್ರವನ್ನು ಪ್ರಶ್ನಿಸಿದ್ದು 1961ರಲ್ಲಿ. ಅದಕ್ಕೆ ಬೇಕಾದ ಆಧಾರವನ್ನು ಸ್ಟಿಲ್ ಅದಕ್ಕಿಂತ ಸುಮಾರು ತೊಂಬತ್ತು ವರ್ಷ ಮೊದಲೇ ಅಚ್ಚು ಹಾಕಿಸಿ ಇಟ್ಟಿದ್ದರು.