ಮೊಡವೆಗೆ ಮನೆಮದ್ದು: ತಟ್ಟೆಗೆ ಯಾವುದು, ಮುಖಕ್ಕೆ ಯಾವುದು?

ಮೊಡವೆ ತೋರಿಸಲು ಮಗಳನ್ನು ಕರೆದುಕೊಂಡು ಬರುವ ಅಮ್ಮಂದಿರ ಮಾತು ಹೆಚ್ಚಾಗಿ ಒಂದೇ: "ಉಷ್ಣ ಡಾಕ್ಟ್ರೇ, ಬರೀ ಕರಿದಿದ್ದೇ ತಿಂತಾಳೆ." ಆದರೆ ತಿಂದ ಎಣ್ಣೆ ಹಾಗೇ ಮುಖಕ್ಕೆ ಬರುವುದಿಲ್ಲ. ಮುಖದ ಜಿಡ್ಡನ್ನು ಚರ್ಮದ ಗ್ರಂಥಿಗಳೇ ತಯಾರಿಸುತ್ತವೆ. ಹರೆಯದ ಹಾರ್ಮೋನುಗಳು ಅದನ್ನು ಹೆಚ್ಚಿಸುತ್ತವೆ. ಜಿಡ್ಡು, ಸತ್ತ ಚರ್ಮ ಸೇರಿ ಕೂದಲ ಬುಡದ ರಂಧ್ರ ಮುಚ್ಚಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಊತ, ಕೀವು ಶುರುವಾಗುತ್ತದೆ.

ಹಾಗಂತ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಅಂತಲ್ಲ. ಎಣ್ಣೆಗಿಂತ ಮೊದಲು ನೋಡಬೇಕಾದ್ದು ಸಕ್ಕರೆ, ಮೈದಾ ಕಡೆ. ಬ್ರೆಡ್ಡು, ಬಿಸ್ಕತ್ತು, ಬಾಟಲಿ ಜ್ಯೂಸ್ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತವೆ. ಜೊತೆಗೇ ಇನ್ಸುಲಿನ್ ಏರುತ್ತದೆ, ಅದು ಜಿಡ್ಡಿನ ಗ್ರಂಥಿಗಳನ್ನೂ ಕೆರಳಿಸುತ್ತದೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 43 ಹುಡುಗರಿದ್ದರು. ಸಕ್ಕರೆ ನಿಧಾನವಾಗಿ ಏರಿಸುವ ಆಹಾರ ತಿಂದವರಲ್ಲಿ 12 ವಾರಕ್ಕೆ ಮೊಡವೆ ಉಳಿದವರಿಗಿಂತ ಜಾಸ್ತಿ ಇಳಿದಿತ್ತು. ಅವರ ತೂಕವೂ ಇಳಿದಿತ್ತು, ಹಾಗಾಗಿ ಪೂರ್ತಿ ಶ್ರೇಯ ಊಟಕ್ಕೇ ಕೊಡಲಾಗದು. ಆದರೂ ಪ್ರಯತ್ನಿಸಲು ಇಷ್ಟು ಸಾಕು.

ಅನ್ನ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಂದು ಸೌಟು ಅನ್ನ ಕಡಿಮೆ ಮಾಡಿ, ಆ ಜಾಗಕ್ಕೆ ಹೆಸರುಕಾಳಿನ ಉಸಲಿ, ಸೊಪ್ಪಿನ ಪಲ್ಯ, ಕೋಸಂಬರಿ ಬರಲಿ. ಸಂಜೆ ಬೇಕರಿ ಪಫ್ಸ್ ಬದಲು ಹುರಿದ ಕಡಲೆಕಾಯಿ, ಒಂದು ಸೀಬೆಹಣ್ಣು. ಹಾಲಿನಿಂದ ಕೆಲವರಿಗೆ ಮೊಡವೆ ಜಾಸ್ತಿಯಾಗುತ್ತದೆ, ಎಲ್ಲರಿಗೂ ಅಲ್ಲ. ಅನುಮಾನವಿದ್ದರೆ ಎರಡು ಮೂರು ತಿಂಗಳು ಕಡಿಮೆ ಮಾಡಿ ನೋಡಿ. ಜಿಮ್‌ಗೆ ಹೋಗುವ ಹುಡುಗರಿಗೆ ಬೆನ್ನು, ಎದೆ ತುಂಬ ಮೊಡವೆ ಎದ್ದಿದ್ದರೆ ನಾನು ಮೊದಲು ಕೇಳುವುದು ಹಾಲಿನಿಂದಲೇ ತೆಗೆಯುವ ವೇ ಪ್ರೋಟೀನ್ ಪುಡಿಯ ಡಬ್ಬಿಯ ಬಗ್ಗೆ. ವಿಟಮಿನ್ ಬಿ12 ಇಂಜೆಕ್ಷನ್ ಬಗ್ಗೆಯೂ ಕೇಳುತ್ತೇನೆ. ಅದರಿಂದಲೂ ಕೆಲವರಿಗೆ ಮೊಡವೆಯಂಥ ಗುಳ್ಳೆ ಏಳುತ್ತವೆ.

ಅಡುಗೆಮನೆಯ ಸಾಮಾನು ಮುಖಕ್ಕೆ ಹಚ್ಚುವಾಗ ಮಾತ್ರ ಹುಷಾರು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾ, ಟೂತ್‌ಪೇಸ್ಟ್ ಕೂಡ ಬೇಡ. ಕಡಲೆಹಿಟ್ಟು ಹಾಕಿ ಗಸಗಸ ತಿಕ್ಕಿದರೆ ಊತ ಹೆಚ್ಚುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ರಾತ್ರಿಯಿಡೀ ಹಣೆಗೆ ಇಳಿದು, ಕೂದಲಂಚಿನಲ್ಲೇ ಸಾಲಾಗಿ ಸಣ್ಣ ಗುಳ್ಳೆಗಳು ಏಳುವುದನ್ನು ಕ್ಲಿನಿಕ್‌ನಲ್ಲಿ ದಿನಾ ನೋಡುತ್ತೇನೆ. ಅಂಥವರು ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಎಣ್ಣೆ ಹಚ್ಚಿದರೆ ಸಾಕು. ಗಿಡಮೂಲಿಕೆಯೇ ಬೇಕು ಅನ್ನುವವರಿಗೆ 5% ಟೀ ಟ್ರೀ ಎಣ್ಣೆಯ ಜೆಲ್ ಇದೆ. ನಿಧಾನವಾಗಿ ಕೆಲಸ ಮಾಡುತ್ತದೆ, ಆದರೆ ಮಾಡುತ್ತದೆ. ಶುದ್ಧ ಎಣ್ಣೆಯನ್ನು ಹಾಗೇ ಹಚ್ಚಬೇಡಿ.

ನನಗೆ ನಿಜವಾಗಿ ಸಂಕಟವಾಗುವುದು ಬೇರೆ ವಿಷಯಕ್ಕೆ. ಗೆಳತಿ ಹೇಳಿದಳೆಂದು ಮೆಡಿಕಲ್ ಶಾಪಿನಿಂದ ತಂದು ಹಚ್ಚುವ ಕ್ರೀಮ್. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಂಡು, ಮೊದಲಿಗಿಂತ ಜಾಸ್ತಿ ಮೊಡವೆ ಏಳುತ್ತವೆ. ಬಿಟ್ಟರೆ ಉರಿ ಅಂತ ಮತ್ತೆ ಅದನ್ನೇ ಹಚ್ಚುತ್ತಾರೆ. ದಯವಿಟ್ಟು ಆ ಟ್ಯೂಬನ್ನು ವೈದ್ಯರಿಗೆ ತಂದು ತೋರಿಸಿ.

ಗಂಟಾಗಿ ನೋಯುವ ಮೊಡವೆ ಇದ್ದರೆ, ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದರೆ ಊಟ ಬದಲಿಸುತ್ತಾ ಕಾಯಬೇಡಿ, ಬೇಗ ಚಿಕಿತ್ಸೆ ಶುರು ಮಾಡಿ. ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಒರಟು ಕೂದಲೂ ಬರುತ್ತಿದ್ದರೆ ಪಿಸಿಓಡಿ (ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ) ಇದೆಯಾ ಎಂದು ಪರೀಕ್ಷೆ ಮಾಡಿಸಿ.