ಹಿತ್ತಾಳೆ ಉಂಗುರಕ್ಕೆ ಒಗ್ಗುವ ಎಣ್ಣೆ

ಬೀದರಿನ ಡಿಸೆಂಬರ್ ಚಳಿಗೆ ಬೆಳಗಿನ ಹೊತ್ತು ನಮ್ಮ ಹಳೆಯ ಕಾರಿನ ಎರಡನೇ ಗೇರು ಮೊಂಡು ಹಿಡಿಯುತ್ತಿತ್ತು. ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಅದೇ ಗೇರು ತಾನಾಗಿಯೇ ಕೂರುತ್ತಿತ್ತು. ಅಷ್ಟರಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬಿಸಿಯಾಗಿ ತೆಳುವಾಗಿರುತ್ತದೆ, ಅಷ್ಟೆ. ಎಣ್ಣೆ ಬದಲಿಸೋಣವೆಂದು ಅಂಗಡಿಗೆ ಹೋದರೆ, ಕಾರಿನ ಕೈಪಿಡಿಯಲ್ಲಿ ಜಿಎಲ್-4 ಎಂಬ ವರ್ಗದ ಗೇರ್ ಎಣ್ಣೆ ಎಂದಿದ್ದರೂ ಜಿಎಲ್-5 ಡಬ್ಬಿಯನ್ನು ಮುಂದಿಟ್ಟರು. ‘ನಾಲ್ಕಕ್ಕಿಂತ ಐದು ಮೇಲಲ್ಲವೇ?’ ಎಂಬುದು ಅವರ ವಾದ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತಿಳಿಯಬೇಕಾದರೆ ಗೇರ್‌ಬಾಕ್ಸಿನೊಳಗಿನ ಒಂದು ಪುಟ್ಟ ಉಂಗುರವನ್ನು ನೋಡಬೇಕು.

ನಾವು ಗೇರು ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳು ಒಂದಾಗಬೇಕು. ನೇರವಾಗಿ ಕೂಡಿಸಿದರೆ ಹಲ್ಲಿಗೆ ಹಲ್ಲು ತಾಗಿ ‘ಕರ್ರ್’ ಎನ್ನುತ್ತದೆ. ಅದನ್ನು ತಪ್ಪಿಸುವುದು ಸಿಂಕ್ರೊನೈಸರ್ ಉಂಗುರ. ಅನೇಕ ಕಾರುಗಳಲ್ಲಿ ಇದು ಹಿತ್ತಾಳೆಯದು. ಇದರ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳಿರುತ್ತವೆ. ಅವು ಎಣ್ಣೆಯ ಪದರವನ್ನು ಸೀಳಿ ಗೇರಿನ ಉಕ್ಕಿನ ಶಂಕುವಿಗೆ ಉಜ್ಜುತ್ತವೆ. ಕ್ಷಣಾರ್ಧದಲ್ಲಿ ವೇಗ ಸಮವಾಗುತ್ತದೆ, ಗೇರು ಕೂರುತ್ತದೆ. ಅಂದರೆ ಹಲ್ಲುಗಳ ಘರ್ಷಣೆ ತಗ್ಗಿಸಬೇಕಾದ ಎಣ್ಣೆಯೇ ಈ ಉಂಗುರದ ಘರ್ಷಣೆಯನ್ನು ಉಳಿಸಿಕೊಡಬೇಕು. ಅತಿಯಾಗಿ ಜಾರುವ ಎಣ್ಣೆಯಲ್ಲಿ ಉಂಗುರಕ್ಕೆ ಹಿಡಿತವೇ ಸಿಗದು.

ಗೇರ್ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಡಬ್ಬಿ ತೆರೆದರೆ ಮೂಗಿಗೆ ಅಡರುವ ವಾಸನೆ ಗಂಧಕದ್ದೇ. ಒತ್ತಡ, ಬಿಸಿ ಏರಿದಾಗ ಇವು ಉಕ್ಕಿನ ಮೇಲೆ ರಕ್ಷಣೆಯ ಪದರ ಕಟ್ಟುತ್ತವೆ. ಹಿಂದಿನ ಚಕ್ರಗಳಿಂದ ಓಡುವ ಜೀಪು, ಲಾರಿಗಳ ಹಿಂಬದಿ ಆ್ಯಕ್ಸಲ್‌ನಲ್ಲಿ ಹಲ್ಲುಗಳು ಒಂದರ ಮೇಲೊಂದು ಜೋರಾಗಿ ಜಾರುತ್ತವೆ. ಜಿಎಲ್-5 ಹುಟ್ಟಿದ್ದು ಅಂಥ ಜಾಗಕ್ಕೆ. ಅದರಲ್ಲಿ ಈ ಸಂಯುಕ್ತಗಳ ಪ್ರಮಾಣ ಜಿಎಲ್-4ರ ಸುಮಾರು ಎರಡರಷ್ಟು. ಆದರೆ ಗಂಧಕಕ್ಕೆ ತಾಮ್ರ ಕಂಡರೆ ಆಗದು, ಅದನ್ನು ತಿನ್ನುತ್ತದೆ; ಉಂಗುರದ ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ಎಣ್ಣೆ ತಯಾರಿಸುವವರು ಇದನ್ನು ಪರೀಕ್ಷಿಸುವ ಬಗೆ ಸರಳ: ಉಜ್ಜಿ ಹೊಳಪಿಸಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಕೆಲವು ಗಂಟೆ ಮುಳುಗಿಸಿ, ಎಷ್ಟು ಕಪ್ಪಾಯಿತೆಂದು ನೋಡುತ್ತಾರೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮೂರಿನ ಬಿದ್ರಿ ಕೆಲಸ ಕಂಡವರಿಗೆ ಇದು ಹೊಸತೆನಿಸದು. ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ದ್ರಾವಣ ಸತು-ತಾಮ್ರದ ಮೈಯನ್ನು ಕಪ್ಪಾಗಿಸುತ್ತದೆ, ಬೆಳ್ಳಿಯ ಎಳೆಯನ್ನು ಮುಟ್ಟುವುದಿಲ್ಲ. ರಸಾಯನ ಬೇರೆ, ಲೋಹವನ್ನು ಆರಿಸಿಕೊಳ್ಳುವ ಗುಣ ಮಾತ್ರ ಅದೇ. ಗೇರ್‌ಬಾಕ್ಸ್, ಆ್ಯಕ್ಸಲ್ ಎರಡಕ್ಕೂ ಹೊಂದುವ ಎಣ್ಣೆಗಳು ಈಗ ಇವೆ. ಆದರೂ ಕೈಪಿಡಿ ಹೇಳಿದ್ದನ್ನೇ ನಾನು ತರುತ್ತೇನೆ.

ಬದಲಿಸುವ ಮುನ್ನ ಕಾರನ್ನು ಹತ್ತು ನಿಮಿಷ ಓಡಿಸಿ. ಎಣ್ಣೆ ಉಗುರುಬೆಚ್ಚಗಾದರೆ ಕೊಳೆಯೊಂದಿಗೆ ಇಳಿಯುತ್ತದೆ. ನಮ್ಮ ಅಂಗಳಗಳಿಗೆ ಶಹಾಬಾದ್ ಕಲ್ಲು ಹಾಸಿರುತ್ತದೆ. ಜ್ಯಾಕ್‌ನ ಭಾರಕ್ಕೆ ಅದು ಸೀಳಬಹುದು, ಕೆಳಗೆ ದಪ್ಪ ಹಲಗೆ ಇಡಿ. ಬರೀ ಜ್ಯಾಕ್ ನಂಬಿ, ಇಟ್ಟಿಗೆ ಜೋಡಿಸಿ ಕಾರಿನ ಕೆಳಗೆ ದಯವಿಟ್ಟು ನುಸುಳಬೇಡಿ. ಗಟ್ಟಿ ಸ್ಟ್ಯಾಂಡ್‌ಗಳೇ ಬೇಕು. ಅಂಗಳ ಮೋರಿಯ ಕಡೆಗೆ ಇಳಿಜಾರಾಗಿರುವುದರಿಂದ ಗಾರೆಯವರ ರಸಮಟ್ಟವನ್ನು ಬಾಗಿಲ ಕೆಳಗಿನ ಪಟ್ಟಿಯ ಮೇಲಿಟ್ಟು ಕಾರು ಸಮವಾಗಿದೆಯೇ ನೋಡಿ. ಓರೆಯಾಗಿದ್ದರೆ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ.

ಮೊದಲು ಫಿಲ್ಲರ್ ಬೋಲ್ಟ್ ಬಿಚ್ಚಿ, ಆಮೇಲೆ ಡ್ರೈನ್ ಬೋಲ್ಟ್. ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟ್ ಬಿಚ್ಚಲೇ ಬಾರದಿದ್ದರೆ ಕಾರು ಅಲ್ಲೇ ಉಳಿಯುತ್ತದೆ. ಡ್ರೈನ್ ಬೋಲ್ಟ್‌ನ ತುದಿಯಲ್ಲಿ ಆಯಸ್ಕಾಂತವಿದ್ದರೆ ಅದರ ಮೇಲೆ ಕಾಡಿಗೆಯಂಥ ಬೂದು ಲೇಪ ಕೂತಿರುತ್ತದೆ. ಬೆರಳಿಗೆ ನುಣ್ಣಗಿದ್ದರೆ ಸಹಜ ಸವೆತ. ಚುಚ್ಚುವ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಇಳಿದ ಎಣ್ಣೆಯಲ್ಲಿ ಹೊಂಬಣ್ಣದ ಮಿನುಗು ಕಂಡರೆ ಅದು ಹೆಚ್ಚಾಗಿ ಉಂಗುರದ ಹಿತ್ತಾಳೆ.

ವಾಷರ್ ಹೊಸದು ಹಾಕಿ, ಬೋಲ್ಟ್ ಹದವಾಗಿ ಬಿಗಿಯಿರಿ. ಬೋಲ್ಟ್ ಕೂರುವ ಅಲ್ಯೂಮಿನಿಯಂ ರಂಧ್ರದ ತಿರುಪು ಗೀರುಗಳು ಬೇಗ ಹಾಳಾಗುತ್ತವೆ. ಸಣ್ಣ ಕಾರುಗಳಿಗೆ ಸುಮಾರು ಎರಡು ಲೀಟರ್ ಹಿಡಿಯುತ್ತದೆ. ಅನೇಕ ಕಾರುಗಳಲ್ಲಿ ಫಿಲ್ಲರ್ ರಂಧ್ರದ ಕೆಳ ಅಂಚಿನಿಂದ ಎಣ್ಣೆ ಹನಿಯತೊಡಗಿದರೆ ಮಟ್ಟ ಸರಿ.

ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ. ನಮ್ಮದು ನೀರು ಹೀರುವ ಕೆಂಪು ಜಂಬಿಟ್ಟಿಗೆ ನೆಲ. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ಕೊರೆದು ನೀರು ಪಡೆದದ್ದು ಇದೇ ನೆಲದಿಂದ. ನಾನು ಅದನ್ನು ಹೊಸ ಎಣ್ಣೆ ಬಂದ ಡಬ್ಬಿಗೇ ತುಂಬಿ, ಬಿಗಿಯಾಗಿ ಮುಚ್ಚಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟು ಬರುತ್ತೇನೆ.